ನಟ್ಟು ಸಣ್ಣದು, ಕೈ ಹೋಗುವುದಿಲ್ಲ!

ಪತ್ರಿಕೆಗಳಲ್ಲಿ ದಿನಕ್ಕೊಬ್ಬರು ಚುಕ್ಕಾಣಿ ಹಿಡಿಯುತ್ತಾರೆ. ಸೊಸೈಟಿಯ ಚುಕ್ಕಾಣಿ, ಪಕ್ಷದ ಚುಕ್ಕಾಣಿ, ಸಂಘದ ಚುಕ್ಕಾಣಿ... ಹಿಡಿದವರ ಫೋಟೋ ಬರುತ್ತದೆ, ಕೊರಳಿಗೆ ಹಾರ ಬೀಳುತ್ತದೆ. ನಿಜವಾದ ಚುಕ್ಕಾಣಿ ಎಲ್ಲಿರುತ್ತದೆ, ಅದು ಕೈಕೊಟ್ಟರೆ ಎಂತಾಗುತ್ತದೆ ಎಂದು ಕೇಳುವವರು ಕಡಿಮೆ. ಕಳೆದ ವಾರ ಬೇರೊಂದು ಸುದ್ದಿಯ ಬೆನ್ನು ಹತ್ತಿ ನೇತ್ರಾವತಿ ದಂಡೆಯ ಬೋಟ್ ಯಾರ್ಡೊಂದಕ್ಕೆ ಹೋಗಿದ್ದೆ. ಹೋದ ಸುದ್ದಿ ಸಿಗಲಿಲ್ಲ, ಇದು ಸಿಕ್ಕಿತು.

ಯಾರ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಬಿಳಿ ಫೈಬರ್ ಬೋಟೊಂದು ಕೂತಿತ್ತು. ಮೀನಿನ ಬೋಟಲ್ಲ, ಪ್ರವಾಸಿಗರನ್ನು ಹೊಳೆಯಲ್ಲಿ ಸುತ್ತಿಸಲಿಕ್ಕೆಂದು ಮಾಲೀಕರು ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ಅದರ ಹಿಂದೆ ನಿಂತು ಇಬ್ಬರು ಮೆಕ್ಯಾನಿಕರು ವಾದ ಮಾಡುತ್ತಿದ್ದರು. ಒಬ್ಬರು ಅರುವತ್ತು ದಾಟಿದ ಮೇಸ್ತ್ರಿ, ಧಕ್ಕೆಯ ಬೋಟುಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಇನ್ನೊಬ್ಬ ಗಲ್ಫಿನಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿ ಬಂದ ಹುಡುಗ.

"ಎಂಜಿನ್ ಎತ್ತದೆ ಆಗ್ಲಿಕ್ಕಿಲ್ಲ ಮಾರಾಯ."

"ಯಾಕೆ ಆಗ್ಲಿಕ್ಕಿಲ್ಲ ಮೇಸ್ತ್ರಿಗಳೇ? ಹೊರಗಿಂದ ಎರಡು ತೂತು ಹೊಡೆದರೆ ಒಂದು ದಿನದ ಕೆಲಸ."

ಮಾಲೀಕರು ಅವರ ಮುಖ ಇವರ ಮುಖ ನೋಡಿ ಕಡೆಗೆ ನನ್ನ ಹತ್ತಿರ ತಿರುಗಿದರು. "ನೋಡಿ, ಒಂದು ನಟ್ಟು ಬಿಗಿ ಮಾಡ್ಲಿಕ್ಕೆ ಇಷ್ಟು ರಾಮಾಯಣ! ನಟ್ಟು ಉಂಟು, ಸ್ಪಾನರ್ ಉಂಟು. ಕೈ ಹೋಗುವುದಿಲ್ಲ."

ಈ ಕೈ ಹೋಗದ ನಟ್ಟಿನ ಕಥೆ ಬೋಟಿನ ಮಾಲೀಕರಿಗೆ ಮಾತ್ರ ಸಂಬಂಧಪಟ್ಟದ್ದೆಂದು ಬಸ್ಸಿನಲ್ಲಿ ಕೂತು ಪತ್ರಿಕೆ ಓದುತ್ತಿರುವವರು ಪುಟ ಮಗುಚಬಾರದು. ಹೊಳೆಯಾಚೆಯ ಬೆಂಗ್ರೆಯವರಿಗೆ ದೋಣಿಯೇ ಬಸ್ಸು. ಬಂದರಿನ ಅಂಗಡಿಯವರಿಗಂತೂ ಹೇಳಬೇಕಾಗಿಲ್ಲ. ಬೋಟೊಂದು ದಂಡೆಗೆ ಬಿದ್ದರೆ ಅಕ್ಕಿ, ಬೇಳೆ, ಹಗ್ಗ, ಐಸಿನ ಬಾಕಿ ಲೆಕ್ಕ ಯಾರ ಪುಸ್ತಕದಲ್ಲಿ ಕೂರುತ್ತದೆಂದು ಅವರಿಗೆ ಚೆನ್ನಾಗಿ ಗೊತ್ತು.

ಬಸ್ಸಿನ ಸ್ಟೀರಿಂಗು, ಬೋಟಿನ ಸ್ಟೀರಿಂಗು

ಹಳೆಯ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತವರು ಒಂದು ಸಂಗತಿ ಗಮನಿಸಿರಬಹುದು. ರಸ್ತೆ ನೇರ ಉಂಟು, ಬಸ್ಸೂ ನೇರ ಹೋಗುತ್ತಿದೆ, ಡ್ರೈವರಣ್ಣ ಮಾತ್ರ ಸ್ಟೀರಿಂಗನ್ನು ಆಚೆ ಈಚೆ ತಿರುಗಿಸುತ್ತಲೇ ಇದ್ದಾನೆ. ಅದಕ್ಕೆ ಗ್ಯಾರೇಜಿನವರು 'ಪ್ಲೇ' ಎನ್ನುತ್ತಾರೆ. ಚಕ್ರಕ್ಕೂ ಸ್ಟೀರಿಂಗಿಗೂ ನಡುವೆ ಎಲ್ಲೋ ಸವೆದಿದೆ ಎಂದು ಅರ್ಥ. ಬಸ್ಸಿನಲ್ಲಿ ಕೆಳಗೆ ಮಲಗಿ ನೋಡಿದರೆ ಸವೆದ ಜಾಗ ಕಾಣುತ್ತದೆ, ಕೈ ಹಾಕಬಹುದು. ಬ್ರೇಕೂ ಉಂಟು.

ನೀರಿನಲ್ಲಿ ಬ್ರೇಕ್ ಇಲ್ಲ. ದಾರಿ ತಪ್ಪಿದ ಬೋಟನ್ನು ನಿಲ್ಲಿಸುವ ಕಾಲಿನ ಪೆಡಲ್ ಯಾವ ಬೋಟಿನಲ್ಲೂ ಇಲ್ಲ. 2024ರ ಡಿಸೆಂಬರ್ 18ರಂದು ಮುಂಬಯಿಯಲ್ಲಿ ನಡೆದದ್ದು ಓದುಗರಿಗೆ ನೆನಪಿರಬೇಕು. ಗೇಟ್‌ವೇ ಆಫ್ ಇಂಡಿಯಾದಿಂದ ಎಲಿಫೆಂಟಾ ದ್ವೀಪಕ್ಕೆ ಹೊರಟಿದ್ದ 'ನೀಲ್ ಕಮಲ್' ಎಂಬ ಪ್ರಯಾಣಿಕರ ಬೋಟಿಗೆ ನೌಕಾಪಡೆಯ ವೇಗದ ದೋಣಿಯೊಂದು ಬಂದು ಬಡಿಯಿತು. ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಎಂಜಿನ್ ಪರೀಕ್ಷೆ ಮಾಡುತ್ತಿದ್ದಾಗ ನಿಯಂತ್ರಣ ತಪ್ಪಿತು ಎಂದು ನೌಕಾಪಡೆಯೇ ಪ್ರಕಟಣೆ ಕೊಟ್ಟಿತು. ಅಲ್ಲಿ ಸ್ಟೀರಿಂಗೇ ಕೈಕೊಟ್ಟಿತೆಂದು ನಾನು ಹೇಳುತ್ತಿಲ್ಲ. ನೀರಿನ ಮೇಲೆ 'ನಿಯಂತ್ರಣ ತಪ್ಪಿತು' ಎಂಬ ಎರಡು ಶಬ್ದಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇದನ್ನು ನೆನಪಿಸಿದೆ, ಅಷ್ಟೆ.

ಈಗ ದಿಮ್ಮಿಯ ಮೇಲಿದ್ದ ಬೋಟಿಗೆ ಬರೋಣ. ಅದಕ್ಕೆ ನಮ್ಮ ಟ್ರಾಲ್ ಬೋಟಿನ ಹಾಗೆ ಉದ್ದನೆಯ ಶಾಫ್ಟು, ಫ್ಯಾನು, ಅದರ ಹಿಂದೆ ಚುಕ್ಕಾಣಿಯ ಹಲಗೆ ಇಲ್ಲ. ನಾಡದೋಣಿಯ ಹಾಗೆ ಹಿಂದೆ ನೇತು ಹಾಕುವ ಔಟ್‌ಬೋರ್ಡ್ ಎಂಜಿನೂ ಅಲ್ಲ. ಇದು ಎರಡರ ನಡುವಿನದು. ಎಂಜಿನ್ ಬೋಟಿನ ಒಳಗೇ, ಹಿಂದಿನ ಗೋಡೆಗೆ ಬೆನ್ನು ತಾಗಿಸಿ ಕೂತಿರುತ್ತದೆ. ಆ ಗೋಡೆಯನ್ನು ತೂರಿ ಶಕ್ತಿ ಹೊರಗೆ ಬರುತ್ತದೆ. ಹೊರಗೆ ಔಟ್‌ಬೋರ್ಡಿನ ಕಾಲಿನಂಥದೊಂದು ಕಾಲು, ಅದರ ತುದಿಯಲ್ಲಿ ಫ್ಯಾನು. ಇಂಗ್ಲಿಷಿನಲ್ಲಿ ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಯಾರ್ಡಿನಲ್ಲಿ ಎಲ್ಲರೂ ಬರೇ 'ಡ್ರೈವ್' ಅನ್ನುವುದು.

ಇದು ತೀರ ಹಳೆಯ ಶೋಧವೇನಲ್ಲ. ಅಮೆರಿಕದ ಜಿಮ್ ವಿನ್ ಎಂಬ ಎಂಜಿನಿಯರ್, ಮೊದಲು ಮರ್ಕ್ಯುರಿ ಔಟ್‌ಬೋರ್ಡಿನವರಲ್ಲಿ ದುಡಿದವನು, ಇದರ ನಕ್ಷೆ ಹಿಡಿದುಕೊಂಡು ಸ್ವೀಡನ್ನಿನ ವೋಲ್ವೋ ಪೆಂಟಾದ ಜೊತೆ ಸೇರಿದ. 1959ರಲ್ಲಿ ನ್ಯೂಯಾರ್ಕಿನ ಬೋಟ್ ಪ್ರದರ್ಶನದಲ್ಲಿ 'ಆಕ್ವಾಮ್ಯಾಟಿಕ್' ಎಂಬ ಹೆಸರಿನಲ್ಲಿ ಅದು ಬಂತು. ಎರಡು ವರ್ಷ ಬಿಟ್ಟು 1961ರಲ್ಲಿ ಮರ್ಕ್ಯುರಿಯವರೂ 'ಮರ್‌ಕ್ರೂಸರ್' ತಂದರು. ಅನುಕೂಲ ಇಲ್ಲದೆ ಇಲ್ಲ. ಕಾರಿನ ಜಾತಿಯ ದೊಡ್ಡ ಎಂಜಿನನ್ನು ಒಳಗೆ ನೆರಳಿನಲ್ಲಿ ಇಡಬಹುದು, ನೀರು ಕಡಿಮೆ ಇದ್ದಲ್ಲಿ ಕಾಲನ್ನು ಮೇಲೆತ್ತಬಹುದು, ಜಾಗ ಉಳಿಯುತ್ತದೆ. ಮುಖ್ಯವಾಗಿ, ಬೇರೆ ಚುಕ್ಕಾಣಿ ಬೇಡ. ಇಡೀ ಕಾಲೇ ಎಡಕ್ಕೆ ಬಲಕ್ಕೆ ತಿರುಗುತ್ತದೆ, ಫ್ಯಾನು ನೂಕಿದ ಕಡೆಗೆ ಬೋಟು ಹೋಗುತ್ತದೆ.

ತೊಂದರೆ ಇರುವುದೂ ಅಲ್ಲೇ. ಇಷ್ಟು ಭಾರದ ಕಾಲು ತಿರುಗಬೇಕು, ಏಳಬೇಕು, ಇಳಿಯಬೇಕು, ಎಂಜಿನಿನ ಶಕ್ತಿಯನ್ನು ತಡೆದುಕೊಳ್ಳಬೇಕು. ನೀರು ಮಾತ್ರ ಒಳಗೆ ಬರಬಾರದು. ಇದಕ್ಕೆಂದು ಹಿಂದಿನ ಗೋಡೆಯ ಹೊರಗೆ ಅಲ್ಯುಮಿನಿಯಮ್ಮಿನ ಕವಚ, ಕವಚದೊಳಗೆ ಆಡುವ ಒಂದು ದಪ್ಪ ಬಳೆ. ಗಿಂಬಲ್ ರಿಂಗ್ ಎನ್ನುತ್ತಾರೆ. ಕಾಲು ನಿಂತಿರುವುದು ಈ ಬಳೆಯಲ್ಲಿ. ಬಳೆಯ ನೆತ್ತಿಯಲ್ಲಿ ಒಂದು ಪಿನ್ನು ನೆಟ್ಟಗೆ ಮೇಲಕ್ಕೆ ಹೋಗುತ್ತದೆ. ಪಿನ್ನಿನ ತಲೆಗೆ ಒಂದು ಕೈ, ಅಂದರೆ ಲಿವರ್. ಆ ಲಿವರ್ ಬೋಟಿನ ಒಳಕ್ಕೆ ಚಾಚಿಕೊಂಡಿರುತ್ತದೆ. ಸ್ಟೀರಿಂಗಿನಿಂದ ಬಂದ ಕೇಬಲ್ ಅದನ್ನು ಎಳೆಯುತ್ತದೆ, ನೂಕುತ್ತದೆ. ದೊಡ್ಡ ಬೋಟಾದರೆ ಜೊತೆಗೆ ಪವರ್ ಸ್ಟೀರಿಂಗಿನ ಸಿಲಿಂಡರ್. ಲಿವರನ್ನು ಪಿನ್ನಿಗೆ ಹಿಡಿದಿಡುವುದು ಒಂದು ನಟ್ಟು.

ಆ ನಟ್ಟು ಇರುವುದು ಕವಚದ ಹೊಟ್ಟೆಯೊಳಗೆ, ಮೇಲಿನಿಂದ ಮುಚ್ಚಿದ ಗೂಡಿನಲ್ಲಿ. ಹೊರಗಿನಿಂದ ಹೋಗೋಣವೆಂದರೆ ಅಲ್ಯುಮಿನಿಯಮ್ಮಿನ ಗೋಡೆ. ಒಳಗಿನಿಂದ ಹೋಗೋಣವೆಂದರೆ ಎದುರಿಗೆ ಎಂಜಿನ್. ಎಂಜಿನಿಗೂ ಹಿಂದಿನ ಗೋಡೆಗೂ ನಡುವಿನ ಸಂದಿಯಲ್ಲಿ ನಾನೂ ಕೈ ತೂರಿಸಿ ನೋಡಿದೆ. ಮೊಣಕೈ ತನಕ ಹೋಯಿತು, ಬೆರಳ ತುದಿಗೆ ಏನೋ ತಾಗಿದ ಹಾಗಾಯಿತು. "ಅದು ನಟ್ಟಲ್ಲ, ಅದು ಕೇಬಲಿನ ಪಿನ್ನು," ಎಂದು ಹುಡುಗ ನಕ್ಕ. ಅಂಗಿಯ ತೋಳಿಗೆ ಹಿಡಿದ ಗ್ರೀಸು ಇನ್ನೂ ಹೋಗಿಲ್ಲ.

ಗೋಡೆಯ ಹಿಂದಿನ ಪೈಪು

ಸ್ನಾನದ ಮನೆಯ ಟೈಲ್ಸಿನ ಹಿಂದೆ ಪೈಪು ಸೋರಿದ ಮನೆಯವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಸಾಕೆಟ್ಟಿನ ಬೆಲೆ ಒಂದು ಚಹಾ ತಿಂಡಿಯಷ್ಟು. ಟೈಲ್ಸ್ ಒಡೆದು, ಪೈಪು ಸೇರಿಸಿ, ಮತ್ತೆ ಟೈಲ್ಸ್ ಕೂರಿಸುವ ಖರ್ಚೇ ಖರ್ಚು. ಅದೇ ಬಣ್ಣದ ಟೈಲ್ಸ್ ಸಿಗುವುದೂ ಇಲ್ಲ. ಹಾಗಾಗಿ ಮನೆಯಾತ ಎಂತ ಮಾಡುತ್ತಾನೆ? "ಸ್ವಲ್ಪ ತಾನೆ ಸೋರುವುದು, ಮಳೆಗಾಲ ಕಳೆಯಲಿ," ಎನ್ನುತ್ತಾನೆ.

ಬೋಟಿನಲ್ಲೂ ಅದೇ. ಸವೆಯುವುದು ಸಣ್ಣ ಸಾಮಾನು: ಪಿನ್ನು ಕೂರುವ ಬುಶ್, ಅದರ ಸೀಲ್, ಬಳೆಯಲ್ಲಿ ಪಿನ್ನು ಕೂರುವ ಕಿಂಡಿ. ಪಿನ್ನು ಸ್ಟೀಲಿನದು, ಬಳೆ ಅಲ್ಯುಮಿನಿಯಮ್ಮಿನದು. ಸ್ಟೀಲು ಗಟ್ಟಿ, ಅಲ್ಯುಮಿನಿಯಂ ಮೆದು. ವರ್ಷಗಟ್ಟಲೆ ಅಲುಗಾಡಿದರೆ ಯಾವುದು ಸೋಲುತ್ತದೆಂದು ಹೇಳಲಿಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೂ ಗೊತ್ತಾಯಿತು. ಇದರ ಮೇಲೆ ಉಪ್ಪುನೀರು. ಎರಡು ಬೇರೆ ಲೋಹ ಉಪ್ಪುನೀರಿನಲ್ಲಿ ಮುಟ್ಟಿಕೊಂಡರೆ ಅದೊಂದು ಬ್ಯಾಟರಿಯಾಗುತ್ತದೆ, ಇಲ್ಲಿ ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ. ಇದನ್ನು ತಡೆಯಲಿಕ್ಕೆ ಡ್ರೈವಿಗೆ ಬಲಿಯ ಗಟ್ಟಿಗಳನ್ನು ಬಿಗಿದಿರುತ್ತಾರೆ. ಡ್ರೈವಿನ ಬದಲು ಅವು ಕರಗುತ್ತವೆ. ಸಮುದ್ರಕ್ಕೆ ಸತುವಿನದು ನಡೆಯುತ್ತದೆ. ನಮ್ಮ ಹೊಳೆ ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಇಂಥ ಮಿಶ್ರ ನೀರಿಗೆ ಅಲ್ಯುಮಿನಿಯಮ್ಮಿನ ಗಟ್ಟಿಯೇ ಒಳ್ಳೆಯದು. ಈ ಬೋಟಿನಲ್ಲಿದ್ದ ಗಟ್ಟಿಗಳ ಮೇಲೆ ಯಾರೋ ಪುಣ್ಯಾತ್ಮರು ಚಂದ ಕಾಣಲಿ ಎಂದು ಪೈಂಟ್ ಹೊಡೆದಿದ್ದರು! ಪೈಂಟ್ ಹೊಡೆದ ಗಟ್ಟಿ ಇದ್ದೂ ಇಲ್ಲದ ಹಾಗೆ. ಅದು ಕರಗಿರಲಿಲ್ಲ, ಬಳೆ ಕರಗಿತ್ತು.

ಸವೆದದ್ದು ಗೊತ್ತಾಗುವುದು ಹೇಗೆ? ಮೇಸ್ತ್ರಿ ತೋರಿಸಿಕೊಟ್ಟರು. ಬೋಟು ದಂಡೆಯಲ್ಲಿರುವಾಗ ಒಬ್ಬ ಸ್ಟೀರಿಂಗನ್ನು ಅಲುಗದಂತೆ ಹಿಡಿದುಕೊಳ್ಳಬೇಕು. ಇನ್ನೊಬ್ಬ ಹಿಂದೆ ಹೋಗಿ ಕಾಲಿನ ಕೆಳತುದಿ ಹಿಡಿದು ಎಡಕ್ಕೆ ಬಲಕ್ಕೆ ನೂಕಬೇಕು. ಗಟ್ಟಿಯಾಗಿ ನಿಂತರೆ ಸರಿ. 'ಟಕ್ ಟಕ್' ಎಂದು ಆಡಿದರೆ ಮೂರನೆಯವ ಒಳಗೆ ಟಾರ್ಚ್ ಬಿಟ್ಟು ಲಿವರ್ ನೋಡಬೇಕು. ಕಾಲು ಆಡುವಾಗ ಲಿವರೂ ಆಡಿದರೆ ದೋಷ ಮುಂದಿದೆ: ಕೇಬಲಿನಲ್ಲೋ ಸ್ಟೀರಿಂಗಿನ ಗೇರಿನಲ್ಲೋ. ಕಾಲು ಆಡಿದರೂ ಲಿವರ್ ಆಡದಿದ್ದರೆ ದೋಷ ಆ ಪಿನ್ನಿನಲ್ಲಿ, ಅಂದರೆ ಕೈ ಹೋಗದ ಜಾಗದಲ್ಲಿ. ಈ ಬೋಟಿನಲ್ಲಿ ಕಾಲು ಆಡಿತು, ಲಿವರ್ ಕಲ್ಲಿನ ಹಾಗೆ ಕೂತಿತ್ತು. ಮಾಲೀಕರು ಟಾರ್ಚ್ ಹಿಡಿದಿದ್ದರು. ಟಾರ್ಚ್ ಆರಿಸಿ ಒಂದು ನಿಮಿಷ ಮಾತಾಡಲಿಲ್ಲ.

ಸ್ಟೀರಿಂಗ್ ಬಿಗಿಯಾದರೂ ಇಂಥದೇ ಪರೀಕ್ಷೆ. ಕೇಬಲನ್ನು ಲಿವರಿನಿಂದ ಬಿಡಿಸಿ ಸ್ಟೀರಿಂಗ್ ತಿರುಗಿಸಿ ನೋಡುವುದು. ಆಗಲೂ ಬಿಗಿ ಇದ್ದರೆ ಕೇಬಲ್ ತುಕ್ಕು ಹಿಡಿದಿದೆ. ಸಲೀಸಾಗಿ ತಿರುಗಿದರೆ ಕೇಬಲ್ ಬಿಟ್ಟುಬಿಡಿ, ಪಿನ್ನಿನ ಬುಶ್ ಹಿಡಿದುಕೊಂಡಿದೆ. ಎಷ್ಟೋ ಮಂದಿ ಈ ಪರೀಕ್ಷೆ ಮಾಡದೆ ಹೊಸ ಕೇಬಲ್ ತರಿಸಿ ಹಾಕಿ, ಮತ್ತೂ ಬಿಗಿ ಎಂದು ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ.

ಇನ್ನೊಂದು ಸೂಚನೆ ನೀರು. ಆ ಪಿನ್ನಿನ ಸೀಲ್ ಹೋದರೆ ಹೊರಗಿನ ನೀರು ಪಿನ್ನಿನ ಗುಂಟ ಹತ್ತಿ ಗೂಡಿಗೆ, ಗೂಡಿನಿಂದ ಬೋಟಿನೊಳಕ್ಕೆ ತೊಟ್ಟಿಕ್ಕುತ್ತದೆ. ಬೋಟು ಕಟ್ಟಿ ಮನೆಗೆ ಹೋದ ಮೇಲೂ ತೊಟ್ಟಿಕ್ಕುತ್ತಲೇ ಇರುತ್ತದೆ. ಪಂಪು ಬ್ಯಾಟರಿಯಲ್ಲಿ ಓಡಿ ಓಡಿ ನೀರು ಹೊರಗೆ ಹಾಕುತ್ತದೆ. ಬ್ಯಾಟರಿ ಮುಗಿದ ರಾತ್ರಿ ಬೋಟು ಕಟ್ಟಿದಲ್ಲೇ ತಳ ಸೇರುತ್ತದೆ. ಬೆಳಿಗ್ಗೆ ಬಂದವರು "ಯಾರೋ ಆಗದವರು ಮಾಡಿದ್ದು," ಎನ್ನುತ್ತಾರೆ.

ಎತ್ತುವುದೋ, ತೂತು ಹೊಡೆಯುವುದೋ

ಮೇಸ್ತ್ರಿಯ ದಾರಿ ಪುಸ್ತಕದ ದಾರಿ. ಕಾಲನ್ನು ಬಿಡಿಸುವುದು. ಎಂಜಿನ್ನಿಗೆ ಸಂಬಂಧಪಟ್ಟ ಪೈಪು, ವಯರು, ಕೇಬಲ್ ಎಲ್ಲ ಬಿಡಿಸಿ ಕ್ರೇನಿನಲ್ಲಿ ಎಂಜಿನ್ ಎತ್ತುವುದು. ಆಮೇಲೆ ಹಿಂದಿನ ಗೋಡೆಯ ಇಡೀ ಕವಚವನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಕೂತುಕೊಂಡು ಕೆಲಸ ಮಾಡುವುದು. ಸಾಮಾನು ಕೈಯಲ್ಲಿದ್ದರೂ ವಾರ ಬೇಕು.

ಹುಡುಗನ ದಾರಿಯೂ ಕಳ್ಳದಾರಿಯಲ್ಲ. ಕವಚದ ಬದಿಯಲ್ಲಿ ಸರಿಯಾದ ಜಾಗ ಅಳೆದು ತೂತು ಕೊರೆಯುವುದು, ಅದರ ಮೂಲಕ ನಟ್ಟು ಬಿಚ್ಚಿ ಪಿನ್ನು ಇಳಿಸಿ ಬುಶ್, ಸೀಲ್, ಬಳೆ ಹೊಸತು ಹಾಕುವುದು, ತೂತಿಗೆ ತಿರುಪಿನ ಬಿರಡೆ ಕೂರಿಸುವುದು. ಹೊರದೇಶಗಳಲ್ಲಿ ಇದು ರೂಢಿಯಾಗಿಬಿಟ್ಟಿದೆ. ಬಿರಡೆಗಳ ಕಿಟ್ ಸಹ ಮಾರಾಟಕ್ಕೆ ಉಂಟು. ಎಂಜಿನ್ ಅಲುಗಿಸಬೇಕಾಗಿಲ್ಲ. ಮುಂದಿನ ಸಲ ಅದೇ ನಟ್ಟು ಬಿಗಿ ಮಾಡಬೇಕಾದರೆ ಬಿರಡೆ ತೆಗೆದರೆ ಆಯಿತು. ಇಷ್ಟು ಸುಲಭವಾದರೆ ಈ ತೂತನ್ನು ಕಾರ್ಖಾನೆಯಲ್ಲೇ ಯಾಕೆ ಬಿಡಲಿಲ್ಲ ಎಂದು ಹುಡುಗ ಕೇಳಿದ. ಮೇಸ್ತ್ರಿ ಉತ್ತರ ಕೊಡಲಿಲ್ಲ. ನನಗೂ ಆ ಪ್ರಶ್ನೆ ನ್ಯಾಯವಾದದ್ದೇ ಅನ್ನಿಸಿತು. ಮಾರುವವನು ಮೊದಲ ದಿನದ ಚಂದ ನೋಡಿ ಮಾಡುತ್ತಾನೆ. ಹದಿನೈದನೇ ವರ್ಷ ಅದರ ಕೆಳಗೆ ಮಲಗುವವನ ನೆನಪು ಅವನಿಗೆ ಯಾಕೆ ಬರಬೇಕು?

ಆದರೆ ತೂತಿಗೆ ಎರಡು ಷರತ್ತುಂಟು. ಮೊದಲನೆಯದು, ಅದು ತೆರೆಯುವುದು ಬೋಟಿನ ಒಳಕ್ಕೆ ಸಂಪರ್ಕವಿರುವ ಒಣ ಗೂಡಿಗೆ. ಬಿರಡೆ ಸಡಿಲಾದರೆ ಹೊಳೆ ನೇರ ಬೋಟಿನೊಳಗೆ. ಅಂದಾಜಿಗೆ ಕೊರೆದು ಸೀಲಂಟ್ ಮೆತ್ತಿ ಬಿಡುವ ಕೆಲಸವಲ್ಲ ಇದು. ಎರಡನೆಯದು, ತೂತಿನಲ್ಲಿ ನಟ್ಟು ಕಾಣುತ್ತದೆ, ಹಿಂದಿನ ಗೋಡೆ ಕಾಣುವುದಿಲ್ಲ. ಫೈಬರ್ ಬೋಟಿನ ಹಿಂದಿನ ಗೋಡೆಯ ನಡುವೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ. ವರ್ಷಗಟ್ಟಲೆ ನೀರು ಇಳಿದಿದ್ದರೆ ಅದು ಒಳಗೇ ಕೊಳೆತಿರುತ್ತದೆ. ಕೊಳೆತ ಗೋಡೆಗೆ ಹೊಸ ಪಿನ್ನು ಹಾಕಿ ಕಳಿಸಿದರೆ ಯಾರಿಗೆ ಬಂತು ಭಾಗ್ಯ?

ನಿಜವಾಗಿ ಹೆದರಬೇಕಾದದ್ದು ಈ ಎರಡಕ್ಕೂ ಅಲ್ಲ, ಮೂರನೆಯದಕ್ಕೆ. ಬಳೆಯ ಹೊರಗಡೆ ಕಾಣುವ ಬೋಲ್ಟುಗಳನ್ನು ಆದಷ್ಟು ಬಿಗಿದು, ಅದೂ ನಿಲ್ಲದಿದ್ದರೆ ಬಳೆಗೂ ಪಿನ್ನಿಗೂ ಅಡ್ಡ ತೂತು ಕೊರೆದು ಒಂದು ಬೋಲ್ಟು ಜಡಿದು, "ಆಯಿತು ಸಾಹುಕಾರ್ರೆ, ಕೊಂಡುಹೋಗಿ," ಎನ್ನುವ ರಿಪೇರಿ. ಒಂದು ದಿನದ ಮಟ್ಟಿಗೆ ಕಾಲು ಗಟ್ಟಿ ನಿಲ್ಲುತ್ತದೆ, ಪರೀಕ್ಷೆಯೂ ಪಾಸಾಗುತ್ತದೆ. ಒಳಗೆ ಬುಶ್ ಸವೆಯುವುದು ಹಾಗೆಯೇ ನಡೆದಿರುತ್ತದೆ. ಕೊರೆದ ಜಾಗದಲ್ಲೇ ಪಿನ್ನು ಬಡವಾಗಿರುತ್ತದೆ. ಸೆಕೆಂಡ್ ಹ್ಯಾಂಡ್ ಬೋಟು ಕೊಳ್ಳುವವರು ನೋಡಬೇಕಾದದ್ದು ಇದನ್ನು. ಈ ಬೋಟಿನ ಬಳೆಯಲ್ಲಿ ಅಂಥ ಬೋಲ್ಟೊಂದು ಇತ್ತು, ಅದರ ತಲೆಗೂ ಬೋಟಿನ ಬಣ್ಣದ್ದೇ ಪೈಂಟು. ಮಾರಿದವರು ಅದನ್ನು ಹೇಳಿರಲಿಲ್ಲ. ಕೊಂಡವರು ಕೇಳಿರಲಿಲ್ಲ.

ಧಕ್ಕೆಯ ಬೋಟುಗಳಲ್ಲೂ ಇದೇ ಕಥೆ

ಇದೆಲ್ಲ ಹಣವಂತರ ಶೋಕಿ ಬೋಟಿನ ತಲೆನೋವು ಎಂದು ತಳ್ಳಿಹಾಕುವ ಹಾಗಿಲ್ಲ. ಸಂಜೆ ಯಾರ್ಡಿನಿಂದ ನೇರ ಧಕ್ಕೆಗೆ ಬಂದೆ. ಪರಿಚಯದ ತಾಂಡೇಲರೊಬ್ಬರ ಟ್ರಾಲ್ ಬೋಟು ಹತ್ತಿ, "ನಿಮ್ಮ ಚುಕ್ಕಾಣಿಯ ತಲೆ ಎಲ್ಲುಂಟು ತೋರಿಸಿ," ಎಂದೆ. ಅವರು ಹಿಂದಿನ ಡೆಕ್ಕಿನ ಕಡೆ ಕೈ ತೋರಿಸಿದರು. ಅಲ್ಲಿ ಆಳೆತ್ತರ ಬಲೆಯ ರಾಶಿ, ಹಗ್ಗದ ಸುರುಳಿ, ಮೇಲೆ ಎರಡು ಬೋರ್ಡು. ಅದರ ಕೆಳಗೆ ಒಂದು ಮುಚ್ಚಳ, ಮುಚ್ಚಳದ ಕೆಳಗೆ ತೆವಳಿ ಹೋಗಬೇಕಾದ ಕತ್ತಲೆ ಗೂಡು. ಚುಕ್ಕಾಣಿಯ ಕಂಬ ಮೇಲೆ ಬಂದು ಸೇರುವುದು ಆ ಗೂಡಿನಲ್ಲಿ. ಕಂಬದ ತಲೆಗೆ ಕಬ್ಬಿಣದ ಕೈ, ಅದರ ಹೆಸರು ಟಿಲ್ಲರ್. ಗದ್ದೆ ಉಳುವ ಟಿಲ್ಲರಲ್ಲ! ಕ್ಯಾಬಿನ್ನಿನ ಸ್ಟೀರಿಂಗಿನಿಂದ ಚೈನು, ತಂತಿ ಹಗ್ಗ ಅಥವಾ ಹೈಡ್ರಾಲಿಕ್ ಪೈಪು ಬಂದು ಅದನ್ನು ಎಳೆಯುತ್ತದೆ. ಕಂಬ ನೀರಿನಿಂದ ಮೇಲೆ ಬರುವಲ್ಲಿ ಗ್ಲಾಂಡು, ಗ್ಲಾಂಡಿನಲ್ಲಿ ಪ್ಯಾಕಿಂಗ್. ಕೆಳತುದಿ ಕೂರುವ ಗುಣಿ ನೀರಿನಡಿಯಲ್ಲಿ.

ಸ್ಟರ್ನ್‌ಡ್ರೈವಿನಲ್ಲಿ ಜಾಗ ಕೊಡದವನು ಕಾರ್ಖಾನೆಯವನು. ನಮ್ಮಲ್ಲಿ ಮುಚ್ಚಳ ಉಂಟು, ಅದರ ಮೇಲೆ ಬಲೆ ಹೇರಿದವರು ನಾವೇ. "ಕಡಲಲ್ಲಿ ಚೈನು ತುಂಡಾದರೆ?" ಎಂದು ಕೇಳಿದೆ. "ಬಲೆ ಪೂರಾ ಎಳೆದು ಹಾಕಬೇಕು," ಎಂದರು ತಾಂಡೇಲರು. ಎಷ್ಟು ಹೊತ್ತು ಬೇಕು? "ಕಡಲು ಸಮ ಇದ್ದರೆ ಅರ್ಧ ಗಂಟೆ." ಸಮ ಇಲ್ಲದಿದ್ದರೆ? ಅವರು ಅಳಿವೆಯ ಕಡೆ ನೋಡಿದರು.

ನೇತ್ರಾವತಿ, ಫಲ್ಗುಣಿ ಎರಡೂ ಹೊಳೆ ಕೂಡಿ ಬೆಂಗ್ರೆಗೂ ಉಳ್ಳಾಲದ ತುದಿಗೂ ನಡುವೆ ಕಡಲು ಸೇರುವ ಜಾಗ ಅದು. ಹೂಳು, ಸೆಳೆತ, ಎದುರಿನಿಂದ ಒಡೆದುಕೊಂಡು ಬರುವ ತೆರೆ. ಅಳಿವೆ ದಾಟುವಾಗ ಬೋಟಿನ ಮುಖವನ್ನೋ ಬೆನ್ನನ್ನೋ ತೆರೆಗೆ ನೇರ ಹಿಡಿಯಬೇಕು. ಬೋಟು ಅಡ್ಡ ತಿರುಗಿದರೆ ಮುಗಿಯಿತು. ಅಲ್ಲಿ ಸ್ಟೀರಿಂಗ್ ಕೈಕೊಟ್ಟರೆ ಅರ್ಧ ಗಂಟೆಯಲ್ಲ, ಅರ್ಧ ನಿಮಿಷವೂ ಸಿಗುವುದಿಲ್ಲ.

ಇದಕ್ಕೊಂದು ಹಳೆಯ ಮದ್ದು ಉಂಟು. ಕಂಬದ ತಲೆಗೆ ಸಿಕ್ಕಿಸಿ ಕೈಯಿಂದಲೇ ತಿರುಗಿಸುವ ಉದ್ದನೆಯ ಸರಳು, ತುರ್ತಿನ ಟಿಲ್ಲರ್. ದೊಡ್ಡ ಹಡಗುಗಳಲ್ಲಿ ತುರ್ತು ಸ್ಟೀರಿಂಗಿನ ಅಭ್ಯಾಸವನ್ನು ಮೂರು ತಿಂಗಳಿಗೊಮ್ಮೆಯಾದರೂ ಮಾಡಲೇಬೇಕು. ನಮ್ಮ ತಾಂಡೇಲರ ಬೋಟಿನಲ್ಲಿ ಸರಳು ಇತ್ತು. ಎಲ್ಲಿ ಎಂದರೆ, ಬಲೆಯ ಅಡಿಯಲ್ಲಿ.

ಬಣ್ಣ ಮೊದಲು, ಬುಶ್ ಕೊನೆಗೆ

ಜೂನ್ 1ರಿಂದ ಜುಲೈ 31ರ ತನಕ, ಅರುವತ್ತೊಂದು ದಿನ, ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಮೀನಿಗೆ ಮರಿ ಹಾಕಲಿಕ್ಕೆ ರಜೆ, ಬೋಟಿಗೆ ರಿಪೇರಿಯ ರಜೆ. ಅಷ್ಟು ಬೋಟುಗಳು ಒಮ್ಮೆಲೇ ದಂಡೆಗೆ ಬರುತ್ತವೆ. ಯಾರ್ಡಿನಲ್ಲಿ ಜಾಗ ಇಲ್ಲ, ಮೆಕ್ಯಾನಿಕರಿಗೆ ಪುರುಸೊತ್ತಿಲ್ಲ, ಮೇಲಿನಿಂದ ಮಳೆ. ಮೊದಲು ಆಗುವುದು ಎಂಜಿನ್, ಯಾಕೆಂದರೆ ಅದಿಲ್ಲದೆ ಬೋಟು ಹೊರಡುವುದೇ ಇಲ್ಲ. ಎರಡನೆಯದು ಬಣ್ಣ. ಬಣ್ಣ ಎಲ್ಲರಿಗೂ ಕಾಣುತ್ತದೆ. ಜುಲೈ ಕಡೆಯ ವಾರ ಚುಕ್ಕಾಣಿಯ ಬುಶ್ ನೆನಪಾಗುತ್ತದೆ. ಆಗ ಕಂಬ ಇಳಿಸಬೇಕು, ಅದಕ್ಕೆ ಬೋಟಿನ ಅಡಿಯಲ್ಲಿ ಗುಂಡಿ ತೋಡಬೇಕು... "ಈ ವರ್ಷ ಹೋಗಲಿ, ಬರುವ ವರ್ಷ ನೋಡುವ."

ಸವೆದ ಬುಶ್ಶಿನಲ್ಲಿ ಒಂದು ವರ್ಷ ಹೋಗುತ್ತದೆ ಕೂಡ. ಎರಡು ವರ್ಷವೂ ಹೋಗಬಹುದು. ಸ್ಟೀರಿಂಗ್ ಸವೆಯುವುದು ಒಂದೇ ದಿನದಲ್ಲಲ್ಲ. ಓಡಿಸುವವನ ಕೈ ದಿನದಿಂದ ದಿನಕ್ಕೆ ಅದಕ್ಕೆ ಒಗ್ಗಿಕೊಂಡುಬಿಡುತ್ತದೆ. ಹಳೆಯ ತಾಂಡೇಲ ಕಾಲು ಸುತ್ತು ಪ್ಲೇ ಇಟ್ಟುಕೊಂಡೇ ಬೋಟನ್ನು ಅಳಿವೆ ದಾಟಿಸುತ್ತಾನೆ. ಅವನಿಗೆ ಜ್ವರ ಬಂದ ದಿನ ಬೇರೆಯವನು ಸ್ಟೀರಿಂಗಿಗೆ ಕೂರುತ್ತಾನೆ.

ತಪಾಸಣೆ ಇಲ್ಲವೇ ಎಂದು ಕೇಳಬಹುದು. ಒಳನಾಡಿನ ಜಲಯಾನಕ್ಕೆ 1917ರ ಹಳೆಯ ಕಾಯಿದೆ ಹೋಗಿ 2021ರಲ್ಲಿ ಹೊಸ ಕಾಯಿದೆ ಬಂದಿದೆ. ಯಂತ್ರದ ದೋಣಿಗಳಿಗೆ ನೋಂದಣಿ, ಸರ್ವೆ ಸರ್ಟಿಫಿಕೇಟು ಬೇಕೆಂದು ಅದರಲ್ಲಿ ಬರೆದಿದೆ. ಕಡಲಿನ ಮೀನುಗಾರಿಕೆಗೆ ನಮ್ಮ ರಾಜ್ಯದ 1986ರ ಕಾಯಿದೆ ಬೇರೆ ಉಂಟು. ಕಾಗದಕ್ಕೆ ಕೊರತೆ ಇಲ್ಲ. ಆದರೆ ಬಲೆ ಎಳೆದು ಹಾಕಿಸಿ, ಮುಚ್ಚಳ ತೆಗೆಸಿ, ಕಂಬವನ್ನು ಕೈಯಾರೆ ಅಲುಗಿಸಿ ನೋಡಿದ ಅಧಿಕಾರಿಯನ್ನು ನಾನು ಮಾತಾಡಿಸಿದ ತಾಂಡೇಲರಾಗಲಿ ಮೇಸ್ತ್ರಿಯಾಗಲಿ ನೆನಪಿಸಿಕೊಳ್ಳಲಿಲ್ಲ. ಲೈಫ್ ಜಾಕೆಟ್ ಎಣಿಸುತ್ತಾರೆ, ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ನೋಡುತ್ತಾರೆ. ಅವೂ ಬೇಕಾದದ್ದೇ. ಜಾಕೆಟ್ ಬೇಕಾಗುವುದು ಬೋಟು ಮಗುಚಿದ ಮೇಲೆ.

ಅಧಿಕಾರಿಗಳನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಅವರಿಗೂ ಕೈ ಹೋಗಬೇಕಲ್ಲ! ಹೊಸ ಬೋಟು ಕಟ್ಟಿಸುವವರು ಕ್ಯಾಬಿನ್ನಿಗೆ ಎ.ಸಿ. ಬೇಕು, ಮುಂದೆ ಹೆಸರು ದೊಡ್ಡದಾಗಿ ಕಾಣಬೇಕು ಎಂದು ಹಟ ಹಿಡಿಯುವ ಹಾಗೆ, ಹಿಂದೆ ಒಬ್ಬ ಮನುಷ್ಯ ಕೂತು ಕೆಲಸ ಮಾಡುವಷ್ಟು ಜಾಗ ಬೇಕೆಂದೂ ಹಟ ಹಿಡಿಯಬಹುದು. ಕಟ್ಟುವಾಗ ಅದಕ್ಕೆ ತಗಲುವುದು ಒಂದು ಹಲಗೆ, ಎರಡು ಹಿಂಜು. ಮುಚ್ಚಳದ ಮೇಲೆ ಬಲೆ ಹೇರದಿರಲು ಸುತ್ತ ಒಂದು ಗೇಣು ಎತ್ತರದ ಕಟ್ಟೆ. ಯಾರ್ಡಿನ ಲೆಕ್ಕದಲ್ಲಿ ಇದು ಖರ್ಚೇ ಅಲ್ಲ ಎಂದು ಮೇಸ್ತ್ರಿ ಹೇಳಿದರು. ಕೇಳಿದವರು ಎಷ್ಟು ಮಂದಿ ಎಂದೆ. ಎರಡು ಬೆರಳು ತೋರಿಸಿದರು. ಆಮೇಲೆ ಒಂದನ್ನು ಮಡಚಿದರು.

ಮೊನ್ನೆ ಪುನಃ ಯಾರ್ಡಿಗೆ ಹೋದೆ. ಮಾಲೀಕರು ಕಡೆಗೆ ಮೇಸ್ತ್ರಿಯ ಮಾತು ಕೇಳಿ ಎಂಜಿನ್ ಎತ್ತಿಸಿದ್ದಾರೆ. ಅದು ಟಾರ್ಪಾಲಿನ ಅಡಿಯಲ್ಲಿ ಟಯರುಗಳ ಮೇಲೆ ಕೂತಿದೆ. ಕವಚ ಬಿಚ್ಚಿದಾಗ ಹಿಂದಿನ ಗೋಡೆಯ ಪ್ಲೈವುಡ್ ಬೋಲ್ಟುಗಳ ಸುತ್ತ ಒದ್ದೆಯಾಗಿ ಕಪ್ಪಾಗಿತ್ತು, ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತಿತ್ತು. ತೂತಿನ ದಾರಿಯಲ್ಲಿ ಇದು ಕಾಣುತ್ತಿರಲಿಲ್ಲ ಎಂದು ಹುಡುಗನೇ ಒಪ್ಪಿದ. ಪಿನ್ನನ್ನು ನನ್ನ ಕೈಗೆ ಕೊಟ್ಟರು. ಅಡ್ಡ ತೂತು ಕೊರೆದಿದ್ದ ಜಾಗದಲ್ಲಿ ಕೂದಲೆಳೆಯಂಥ ಬಿರುಕು, ಅರ್ಧ ಸುತ್ತು ಬಂದಿತ್ತು.

ಹೊಸ ಬಳೆ, ಬುಶ್ಶಿಗೆ ಆರ್ಡರ್ ಹೋಗಿದೆ. ಗೋಡೆಯ ಪ್ಲೈವುಡ್ ಕತ್ತರಿಸಿ ಹೊಸತು ಹಾಕುವ ಕೆಲಸ ಸೋಮವಾರ ಶುರು. ಕವಚ ವಾಪಸು ಕೂರಿಸುವ ಮೊದಲು ಹುಡುಗನ ತೂತುಗಳನ್ನೂ ಮೇಜಿನ ಮೇಲೆಯೇ ಅಳತೆ ಹಿಡಿದು ಕೊರೆದು ಬಿರಡೆ ಹಾಕುವುದೆಂದು ಇಬ್ಬರೂ ಮಾತಾಡಿಕೊಂಡಿದ್ದಾರೆ, ಮುಂದಿನ ಸಲ ಬರುವವನ ಕೈ ಹೋಗಲಿ ಎಂದು.